ಎರಡು ತಟ್ಟು ತಟ್ಟಿದರೆ ಗೇರ್ ಇಳಿಸು

“ಯಾರಿಗಮ್ಮಾ ಕಾಯ್ತಿದ್ದೆ?”

ಲೈಸೆನ್ಸ್ ಟೆಸ್ಟ್ ಮಾಡುವ ಇನ್‌ಸ್ಪೆಕ್ಟರ್ ಹಾಗೆ ಕೇಳಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಬೈಕು ನಿಲ್ಲಬೇಕಿದ್ದ ಬಿಳಿ ಗೆರೆ ದಾಟಿ, ಆಚೆಯ ಕೋನ್ ಉರುಳಿಸಿ, ನಾಲ್ಕನೇ ಗೇರಿನಲ್ಲೇ ಕೆಮ್ಮಿ ಆಫ್ ಆಗಿತ್ತು. ಬ್ರೇಕ್ ಹಿಡಿದದ್ದು ತಡವಾಗಿ, ಗೇರ್ ಇಳಿಸಲೇ ಇಲ್ಲ, ಕ್ಲಚ್ ಮುಟ್ಟಲೇ ಇಲ್ಲ. ಮತ್ತೆ ಫೇಲ್.

ಯಾರಿಗೆ ಕಾಯುತ್ತಿದ್ದೆ ಅಂತ ಅವರಿಗೆ ಹೇಗೆ ಹೇಳಲಿ? ಹೆಗಲ ಮೇಲೆ ಬೀಳಬೇಕಿದ್ದ ಒಂದು ಕೈಗೆ ಕಾಯುತ್ತಿದ್ದೆ.

ಆ ಕೈ ನನಗೆ ಬೈಕು ಕಲಿಸುವ ಮೇಷ್ಟ್ರದು. ಹಿಂದಿನ ಸೀಟಿನಲ್ಲಿ ಕೂತು ಕಲಿಸುವುದು ಅವರ ಪದ್ಧತಿ. ಹೆಲ್ಮೆಟ್ಟಿನೊಳಗೆ ಮಾತು ಕೇಳಿಸುವುದಿಲ್ಲವೆಂದು ಹೆಗಲು ತಟ್ಟಿ ಹೇಳುತ್ತಾರೆ. ಒಂದು ತಟ್ಟು ತಟ್ಟಿದರೆ ಬ್ರೇಕ್. ಎರಡು ತಟ್ಟಿದರೆ ಕ್ಲಚ್ ಹಿಡಿದು, ಒಂದೇ ಒಂದು ಗೇರ್ ಇಳಿಸಿ, ಮೆತ್ತಗೆ ಬಿಡಬೇಕು. ಹೆಗಲು ಒತ್ತಿ ಹಿಡಿದರೆ ಗಾಡಿ ಇನ್ನೇನು ನಿಲ್ಲುತ್ತದೆ ಅಂತ. ಆಗ ಕ್ಲಚ್ ಪೂರ್ತಿ ಹಿಡಿದು ಎಡಗಾಲು ನೆಲಕ್ಕಿಡಬೇಕು.

ನಾನು ಲಿಫ್ಟ್ ರಿಪೇರಿಯವಳು. ಲಿಫ್ಟು ಮಹಡಿಗಳ ನಡುವೆ ನಿಂತರೆ ನನಗೆ ಫೋನ್ ಬರುತ್ತದೆ. ನಾನು ಬಸ್ಸಿಗೆ ಕಾಯುತ್ತ ನಿಂತರೆ ಒಳಗೆ ಸಿಕ್ಕಿಕೊಂಡವರು ನನ್ನ ಜನ್ಮ ಜಾಲಾಡುತ್ತಾರೆ. ಅದಕ್ಕೇ ಬೈಕು. ಮೊದಮೊದಲು ಅಷ್ಟೇ ಆಗಿತ್ತು, ಆಣೆ ಮಾಡಿ ಹೇಳುತ್ತೇನೆ.

“ಲಿಫ್ಟಮ್ಮಾ, ಕ್ಲಚ್ಚು ಸ್ವಿಚ್ಚಲ್ಲ,” ಅಂದಿದ್ದರು ಮೇಷ್ಟ್ರು ಮೊದಲ ವಾರ, ಗಾಡಿ ನಿಲ್ಲಿಸಿದಾಗ. “ಪಟ್ ಅಂತ ಬಿಟ್ರೆ ಹಿಂದಿನ್ ಚಕ್ರ ಜಗ್ಗತ್ತೆ, ನಾನು ಬಂದು ನಿಮ್ ಬೆನ್ನಿಗೆ ಬೀಳ್ತೀನಿ.”

“ಬಿದ್ರೆ ಬೀಳಿ, ಏನೀಗ?”

ಬಾಯಿ ತಪ್ಪಿ ಬಂದ ಮಾತು. ಕನ್ನಡಿಯಲ್ಲಿ ಅವರ ಕಣ್ಣಷ್ಟೇ ಕಾಣುತ್ತಿತ್ತು. ಆ ಕಣ್ಣು ನಕ್ಕಿತು. ಅವತ್ತಿನಿಂದ ನನ್ನ ನೆಮ್ಮದಿ ಹಾಳಾಯಿತು.

ಈಗ ನಾನು ಫೇಲಾದ ಮರುದಿನ ಮೇಷ್ಟ್ರು ಬೈಕಿನ ಕೀ ನನ್ನ ಕೈಗಿಟ್ಟು ದೂರ ಸರಿದು ನಿಂತರು.

“ಇನ್ಮೇಲೆ ನಾನು ಹಿಂದೆ ಕೂರಲ್ಲ.”

ಅಷ್ಟೇ. ನಾನು ಕಲಿಯುವ ಗೋಡೌನಿನ ಹಿಂದಿನ ಬಯಲಿನಲ್ಲಿ, ಅಭ್ಯಾಸಕ್ಕೆಂದು ಎಳೆದ ಬಿಳಿ ಗೆರೆಯ ಪಕ್ಕ, ಕೈಕಟ್ಟಿ ಕಂಬದ ಹಾಗೆ ನಿಂತರು. ನಾನು ಸುತ್ತು ಹೊಡೆದೆ, ನಿಲ್ಲಿಸಿದೆ, ಮತ್ತೆ ಸುತ್ತು ಹೊಡೆದೆ. ನನ್ನ ಮನಸ್ಸಿನಲ್ಲಿರುವುದು ಗೊತ್ತಾಗಿಬಿಟ್ಟಿದೆ, ಅದಕ್ಕೇ ದೂರ ನಿಂತಿದ್ದಾರೆ ಅಂದುಕೊಂಡೆ. ಹೆಗಲು ಬರಿದಾಗಿ, ಮೈಯೆಲ್ಲ ಚಡಪಡಿಸುತ್ತಿತ್ತು.

ಮನೆಯಲ್ಲಿ ಅತ್ತಿಗೆ ನನ್ನನ್ನು ನೋಡಿ ನೋಡಿ ಬೇಸತ್ತಳು. “ಏನೇ ಇದು, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ? ಒಂದ್ಕಡೆ ಕೂತ್ಕೋ, ನನಗೇ ತಲೆ ತಿರುಗ್ತಿದೆ.”

“ಟೆಸ್ಟ್ ಟೆನ್ಷನ್ ಅತ್ತಿಗೆ.”

“ಟೆಸ್ಟಾ? ಮೇಷ್ಟ್ರಾ?”

ಲೋಟ ಕೈಜಾರಿತು. ಅತ್ತಿಗೆ ಬಗ್ಗಿ ಎತ್ತಿಕೊಟ್ಟಳು. “ಪಾಸಾದ್ಮೇಲೆ ಅಲ್ಲಿಗೆ ಹೋಗೋಕೆ ನಿಂಗೆ ನೆಪ ಇರಲ್ಲ ಕಣೇ. ಅಷ್ಟ್ರೊಳಗೆ ಕೇಳ್ಬಿಡು.”

ಕೇಳಿದೆ. ಮುಂದಿನ ಟೆಸ್ಟಿನ ಹಿಂದಿನ ಸಂಜೆ ಸೀದಾ ಅವರ ಮುಂದೆಯೇ ಗಾಡಿ ನಿಲ್ಲಿಸಿ ಹೆಲ್ಮೆಟ್ ಕಿತ್ತೆ.

“ನಾನೇನು ತಪ್ಪು ಮಾಡ್ದೆ ಅಂತ ಹಿಂದೆ ಕೂರೋದ್ ಬಿಟ್ರಿ?”

“ತಪ್ಪು ನಿಮ್ದಲ್ಲ, ನಂದು.” ಅವರು ಶೂ ತುದಿಯಿಂದ ನೆಲ ಕೆದಕಿದರು. “ಟೆಸ್ಟಲ್ಲಿ ನೀವು ನನ್ ತಟ್ಟಿಗೆ ಕಾಯ್ತಿದ್ರಿ. ಗೇಟಲ್ ನಿಂತು ನೋಡ್ದೆ, ಜೀವ ಬಾಯಿಗ್ ಬಂತು. ಬೇರೆಯವ್ರಿಗೆಲ್ಲ ಮೊದಲ್ನೇ ವಾರಕ್ಕೇ ತಟ್ಟೋದ್ ನಿಲ್ಲಿಸ್ತೀನಿ.”

“ಮತ್ತೆ ನನಗ್ಯಾಕೆ ನಿಲ್ಲಿಸ್ಲಿಲ್ಲ?”

ಅವರು ನನ್ನ ಹೆಲ್ಮೆಟ್ ತಗೊಂಡು, ಸರಿಯಾಗೇ ಇದ್ದ ಪಟ್ಟಿಯನ್ನು ಸರಿಮಾಡತೊಡಗಿದರು. ಎಂಥ ಮನುಷ್ಯ! ಬಾಯಿಗೆ ಬೀಗ ಹಾಕಿಕೊಂಡು ಹುಟ್ಟಿದ್ದಾರೆ.

“ನಾಳೆ ಪಾಸಾಗಿ ಬನ್ನಿ. ಹೇಳ್ತೀನಿ.”

ಕಣ್ಣಿಗೆ ನಿದ್ದೆ ಹತ್ತಲಿಲ್ಲ ಅಂತ ಬೇರೆ ಹೇಳಬೇಕೇ?

ಬೆಳಿಗ್ಗೆ ಟೆಸ್ಟಿನಲ್ಲಿ ಬಿಳಿ ಗೆರೆ ನನ್ನತ್ತ ಓಡಿಬಂತು. ಹೆಗಲ ಮೇಲೆ ಯಾರೂ ಇಲ್ಲ. ಆಕ್ಸಿಲರೇಟರ್ ಬಿಟ್ಟೆ, ಬ್ರೇಕ್ ಹಿಡಿದೆ. ಕ್ಲಚ್, ಮೂರನೇ ಗೇರ್, ಮೆತ್ತಗೆ ಬಿಟ್ಟೆ. ಎಂಜಿನ್ ಗುರ್ರೆಂದು ಗಾಡಿಯನ್ನು ತಾನೇ ಹಿಡಿದುಕೊಂಡಿತು. ಎರಡು. ಒಂದು. ನಡಿಗೆಯ ವೇಗ ಬಂದಾಗ ಕ್ಲಚ್ ಪೂರ್ತಿ ಹಿಡಿದು ಎಡಗಾಲು ಇಟ್ಟೆ. ಚಕ್ರ ಗೆರೆಗೆ ತಾಗಿಯೂ ತಾಗದ ಹಾಗೆ ನಿಂತಿತು. ಇನ್‌ಸ್ಪೆಕ್ಟರ್ ತಲೆಯಾಡಿಸಿ, “ಇವತ್ತು ಯಾರಿಗೂ ಕಾಯ್ಲಿಲ್ಲ,” ಅಂದರು.

ಅವರಿಗೇನು ಗೊತ್ತು! ಗೇಟಿನ ಹೊರಗೆ ಮೇಷ್ಟ್ರು ನಿಂತಿದ್ದರು.

“ಹತ್ತಿ,” ಅಂದೆ.

ಹತ್ತಿದರು. ಗಾಡಿ ಹೊರಟಿತು. ಈಗ ಹೇಳ್ತಾರೆ, ಆಗ ಹೇಳ್ತಾರೆ ಅಂತ ಒಳಗೊಳಗೇ ಬೆಂದುಹೋಗುತ್ತಿದ್ದೆ. ದೊಡ್ಡ ಸರ್ಕಲ್ಲಿನಲ್ಲಿ ಕೆಂಪು ದೀಪ ಬಿತ್ತು. ಒಂದೊಂದೇ ಗೇರ್ ಇಳಿಸಿ, ಒಂದು ಚೂರೂ ಜಗ್ಗದೆ ನಿಲ್ಲಿಸಿದೆ. ಮೊದಲನೇ ಗೇರ್, ಕ್ಲಚ್ ಬಿಗಿಯಾಗಿ ಕೈಯಲ್ಲಿ.

ಆಗ ಹೆಗಲ ಮೇಲೆ ಮೆಲ್ಲಗೆ ಒಂದು ತಟ್ಟು.

“ಗಾಡಿ ನಿಂತಾಯ್ತಲ್ಲ ಮೇಷ್ಟ್ರೇ. ಇನ್ಯಾಕೆ?”

“ಇದು ಗಾಡಿಗಲ್ಲ.” ಕೈ ಅಲ್ಲೇ ಉಳಿಯಿತು. ಹೆಲ್ಮೆಟ್ ಮುಂಗಾಜು ಮೇಲೆತ್ತಿ, ಕಿವಿಯ ಹತ್ತಿರ ಬಗ್ಗಿ ಹೇಳಿದರು. “ನಿಮ್ ಹೆಗಲಿಂದ ಕೈ ತೆಗೆಯೋಕೆ ಮನಸ್ ಬರ್ಲಿಲ್ಲ ನಂಗೆ. ಆವತ್ತೂ, ಇವತ್ತೂ. ನೀವಂದ್ರೆ ನಂಗೆ ತುಂಬಾ ಇಷ್ಟ.”

ಅಯ್ಯೋ ದೇವರೇ! ಇಷ್ಟು ಕಲಿಸಿದ ಮನುಷ್ಯ ಇಂಥ ಮಾತನ್ನು ಗೇರಿನಲ್ಲಿರುವ ಗಾಡಿಯ ಮೇಲೆ ಹೇಳುವುದೇ? ನನ್ನ ಎಡಗೈ ಸಡಿಲವಾಯಿತು. ಕ್ಲಚ್ ಪಟ್ಟನೆ ಬಿಟ್ಟುಹೋಯಿತು. ಗಾಡಿ ಮುಂದಕ್ಕೆ ನೆಗೆದು ಆಫ್ ಆಯಿತು, ಅವರ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಠಣ್ಣೆಂದು ಬಡಿಯಿತು.

“ಕ್ಲಚ್ಚು ಸ್ವಿಚ್ಚಲ್ಲ ಲಿಫ್ಟಮ್ಮಾ,” ಬೆನ್ನ ಹಿಂದೆ ಅವರು ನಗುತ್ತಿದ್ದರು.

“ಬಾಯ್ ಮುಚ್ಕೊಂಡು ಗಟ್ಟಿಯಾಗಿ ಹಿಡ್ಕೊಳ್ಳಿ. ನಂಗೂ ಇಷ್ಟ.”

ಹಸಿರು ದೀಪ ಬಂದಿತ್ತು. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. ಜನ್ಮದಲ್ಲಿ ಮೊದಲ ಸಲ ನನಗೆ ಯಾವ ಅವಸರವೂ ಇರಲಿಲ್ಲ.