ಅಣ್ಣನ ಕ್ಯಾನ್‌ವಾಸ್ ಶೂ

೧೯೮೧ರಲ್ಲಿ ಅಣ್ಣ ಜಯಪಾಲ ಎದೆನೋವಿನಿಂದ ತೀರಿಕೊಂಡ. ತೂಕ ಇಳಿಸದಿದ್ದರೆ ನನಗೂ ಅದೇ ಗತಿ ಎಂದರು ಡಾಕ್ಟರು. ಹೆದರಿ, ದಿನಾ ಬೆಳಿಗ್ಗೆ ಮಣ್ಣಗುಡ್ಡದಿಂದ ಬಂದರಿನವರೆಗೆ ಓಡತೊಡಗಿದೆ. ಬೆನ್ನ ಹಿಂದೆ ಇನ್ನೊಂದು ಏದುಸಿರು ಕೇಳುತ್ತಿತ್ತು. ನಾನು ನಿಂತ ಮೇಲೂ ಅದು ತುಸು ಹೊತ್ತು ನಿಲ್ಲುತ್ತಿರಲಿಲ್ಲ. ತಿಂಗಳುಗಟ್ಟಲೆ ಓಡಿದರೂ ನನ್ನ ತೂಕ ಇಳಿಯಲಿಲ್ಲ, ನನ್ನ ಶೂವಿನ ಅಡಿಯೂ ಸವೆಯಲಿಲ್ಲ.

ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ದಿನ ಅಣ್ಣನಿಗೂ ಎಲೆ ಹಾಕಿದೆವು. ಓಡಬೇಕೆಂದು ಅವನು ಕೊಂಡು, ಒಮ್ಮೆಯೂ ಹಾಕದೆ ಹೋದ ಕ್ಯಾನ್‌ವಾಸ್ ಶೂವನ್ನು ಪಕ್ಕದಲ್ಲಿಟ್ಟು ಬಾಗಿಲು ಮುಚ್ಚಿದೆವು. ತೆರೆದಾಗ ಊಟ ಹಾಗೆಯೇ ಇತ್ತು.

"ಭಾವ ಕೋರಿ ರೊಟ್ಟಿ ಬಿಡುವವರಲ್ಲ ಮಾರಾಯ್ರೆ, ಎಂತ ಆಯ್ತು?" ಎಂದಳು ಹೆಂಡತಿ ಗುಣವತಿ.

ನಾನು ಶೂ ಎತ್ತಿಕೊಂಡೆ. ಅಡಿ ಸವೆದು ತೂತಾಗಿತ್ತು. ಒಳಗೆ ಕೈ ಹಾಕಿದರೆ ಬೆವರಿನಿಂದ ಬೆಚ್ಚಗಿತ್ತು.