ಎದ್ದು ಹೋದ ವೀರಗಲ್ಲು

ಕೊಂಬು ಮೊಳಗಿತು. ಸತ್ತವರೆಲ್ಲ ಎದ್ದರು.

ದಟ್ಟ ಮಂಜಿನೊಳಗಿಂದ ಒಬ್ಬೊಬ್ಬರೇ ಎದ್ದು, ಮೈಗಂಟಿದ ಹುಲ್ಲು ಕೊಡವಿ, ತಮ್ಮ ತಮ್ಮ ಕತ್ತಿ ಹುಡುಕಿಕೊಂಡರು. ಅಷ್ಟರಲ್ಲಿ ಬಯಲಿನ ನಡುವಿನಿಂದ ಖಲೀಲನ ಕೂಗು—

"ಕಲ್ಲೆಲ್ಲಿ? ಕಲ್ಲೆಲ್ಲಿ ಹೋಯ್ತು ಮಾರಾಯ್ರೇ?"

ವೀರಗಲ್ಲಿದ್ದ ಜಾಗದಲ್ಲಿ ಹಸಿಮಣ್ಣಿನ ಗುಂಡಿಯಿತ್ತು. ಬೆಳಿಗ್ಗೆ ಅದರ ಮುಂದೆಯೇ ಕಾಯಿ ಒಡೆದು ಆಟ ಶುರುಮಾಡಿದ್ದರು. ಈಗ ಕಲ್ಲಿಲ್ಲ. ಎಳೆದೊಯ್ದ ಗೀರೂ ಇಲ್ಲ. ಮಂಡಿಯೆತ್ತರದ ಕಲ್ಲು ತಾನಾಗಿ ಎದ್ದು ಹೋದಂತಿತ್ತು.

"ಸತ್ತೋರೆಲ್ಲ ಎದ್ರಲ್ಲ," ಯಾರೋ ಮೆಲ್ಲಗೆ ಅಂದರು, "ಅವನೂ ಎದ್ದು ಹೋದ."

ಯಾರೂ ನಗಲಿಲ್ಲ.

ದೇವರಮನೆ ಗುಡ್ಡದ ಕೆಳಗೆ, ಶಶಿಧರನ ಕಾಫಿ ಎಸ್ಟೇಟು ಮುಗಿದು ಹುಲ್ಲು ಶುರುವಾಗುವ ಬಯಲಿನಲ್ಲಿ, ಪ್ರವಾಸಿಗರಿಗಾಗಿ ಆಡುವ ಕಾಳಗವಿದು. ದಳವಾಯಿಯೊಬ್ಬ ಶತ್ರು ಸರದಾರನನ್ನು ಕೊಂದು, ವೀರಗಲ್ಲಿನ ಬುಡದಲ್ಲಿ ತಾನೂ ಸಾಯುತ್ತಾನೆ; ಅವನನ್ನು ಚಟ್ಟದ ಮೇಲೆ ಹೊತ್ತೊಯ್ದ ಮೇಲೆ ಕೊಂಬು. ದಳವಾಯಿಯ ಪಾತ್ರ ಶಶಿಧರನದೇ; ಕಲ್ಲು ತನ್ನ ಪೂರ್ವಿಕನದು ಎನ್ನುತ್ತಿದ್ದ. ಅತ್ತಿತ್ತ ಉರುಳಿ ಸಾಯುವ ಕಾಲಾಳುಗಳು ಅವನ ತೋಟದ ಕೆಲಸದವರು. ಶತ್ರು ಸರದಾರ, ಬಣಕಲ್‌ನ ಪಿಕಪ್ ಓಡಿಸುವ ಖಲೀಲ್. ಪ್ರತಿ ಭಾನುವಾರ ಬಂದು ಸಾಯುತ್ತಿದ್ದ. ಆ ಪಾತ್ರಕ್ಕೆ ಇನ್ನೊಬ್ಬನನ್ನು ಹುಡುಕಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಬಂದೋಬಸ್ತಿಗೆ ಬಂದಿದ್ದ ಎಎಸ್‌ಐ ರುದ್ರಾಣಿ ಮಂಜು ಸೀಳಿಕೊಂಡು ಬರುವಷ್ಟರಲ್ಲಿ ಖಲೀಲನ ಪಿಕಪ್‌ನಲ್ಲಿ ಹಾರೆ ಸಿಕ್ಕಿತ್ತು. ಹಾರೆಯ ತುದಿಗೆ ಹಸಿಮಣ್ಣು.

"ಚಪ್ಪರದ ಗೂಟಕ್ಕೆ ತಂದಿದ್ದು ಮೇಡಂ! ನಿನ್ನೆಯಿಂದ ಇಲ್ಲೇ ಇತ್ತು, ಎಲ್ಲರೂ ಮುಟ್ಟಿದಾರೆ!" ಎಂದ ಖಲೀಲ್.

"ನಿನ್ನ ದೇವ್ರಲ್ಲ ಅಂತ ಕಿತ್ತಿದೀಯ!" ಗುಂಪಿನಿಂದ ಯಾರೋ ಕೂಗಿದರು.

ಖಲೀಲನ ಸುತ್ತ ಸೈನಿಕರ ವರ್ತುಲ ಬಿಗಿಯಾಯಿತು. ಕತ್ತಿಗಳಿಗೆ ಅಲಗಿರಲಿಲ್ಲ. ಆದರೆ ಕಬ್ಬಿಣಕ್ಕೆ ತೂಕವಿತ್ತು.

"ಕತ್ತಿ ಕೆಳಗಿಡಿ. ಆಟ ಮುಗೀತು," ಎಂದಳು ರುದ್ರಾಣಿ.

ಯಾರೂ ಇಡಲಿಲ್ಲ.

ಶಶಿಧರ ಹತ್ತಿರ ಬಂದ. ಬಿಳಿ ಪಂಚೆಯ ಮೇಲೆ ಆಟದ ಕೆಂಪು ಬಣ್ಣ. "ಅವನನ್ನ ಸ್ಟೇಷನ್ನಿಗೆ ಎಳ್ಕೊಂಡು ಹೋಗಿ ಮೇಡಂ. ಹುಡುಗ್ರು ಕುದೀತಿದಾರೆ. ಇಲ್ಲೇ ಬಿಟ್ರೆ ನಾನು ಜವಾಬ್ದಾರಿ ಅಲ್ಲ."

"ಈಗ ಕರ್ಕೊಂಡು ಹೋದ್ರೆ ಕಳ್ಳ ಇವನೇ ಅಂತ ಊರು ತೀರ್ಮಾನ ಮಾಡುತ್ತೆ. ನಾಳೆ ಇವನ ಮನೆ ಮುಂದೆ ಇದೇ ಕತ್ತಿ ಬರುತ್ತೆ. ಎಲ್ಲೆಲ್ಲಿ ಹುಡುಕಿದ್ರಿ?"

"ಪಿಕಪ್‌ನಲ್ಲಿ. ಕೆಲಸದವರ ಲೈನ್ ಮನೆಗಳಲ್ಲಿ."

"ನಿಮ್ಮ ವೇಷದ ಕೋಣೆ?"

"ನಮ್ಮ ಕಲ್ಲನ್ನ ನಾವೇ ಕದೀತೀವಾ?"

"ನಿಮ್ಮ ಕಲ್ಲಾ?"

ಈ ಮಾತು ಬಂದದ್ದು ಹಿಂದಿನಿಂದ. ಲೈನ್ ಮನೆಯ ತುಂಗಮ್ಮ, ತೋಟದಲ್ಲಿ ಹಣ್ಣು ಕೊಯ್ಯುವವಳು. "ಅದು ನಮ್ಮಜ್ಜಂದು ಮೇಡಂ. ದೀಪ ಇಡೋದು ನಾವು. ನಿನ್ನೆ ಪಾಚಿ ಉಜ್ಜಿ ತೊಳೆದೆ. ಕಲ್ಲಲ್ಲಿರೋನ ಕೈಲಿ ಕತ್ತಿ ಇಲ್ಲ. ಹಲಗೆ ಇದೆ. ನಮ್ಮೋರು ಸಾವಿಗೆ ಬಾರಿಸ್ತಾರಲ್ಲ, ಆ ಹಲಗೆ."

"ಯಾರಿಗೆ ತೋರಿಸಿದೆ?"

"ಇನ್ಯಾರಿಗೆ? ಸಾಹುಕಾರ್ರಿಗೇ."

"ಅದು ಗುರಾಣಿ," ಶಶಿಧರ ಗದರಿದ.

"ಗುರಾಣಿನ ಕೋಲಲ್ಲಿ ಬಡೀತಾರಾ ಅಯ್ಯಾ?"

ವರ್ತುಲದಲ್ಲಿ ಯಾರೋ ಕಿಸಕ್ಕೆಂದರು. ಒಂದು ಕತ್ತಿ ತುಸು ಕೆಳಗಿಳಿಯಿತು.

ರುದ್ರಾಣಿ ಖಲೀಲನತ್ತ ತಿರುಗಿದಳು. ಅವನ ಕೆನ್ನೆಯಿಂದ ರಕ್ತ ಇಳಿಯುತ್ತಿತ್ತು. ಬಣ್ಣವಲ್ಲ. ಕತ್ತಿನ ಹಿಂದೆ ಇಂಬಳಗಳು ರಕ್ತ ಹೀರಿ ಬೆರಳಷ್ಟು ಉಬ್ಬಿ ಅಂಟಿದ್ದವು.

"ಸತ್ತ ಮೇಲೆ ಏನಾಯ್ತು ಹೇಳು."

"ಬೋರಲು ಬಿದ್ದಿದ್ದೆ. ಮಂಜು ಇಳೀತು. ಹೆಣ ತಲೆ ಎತ್ತಬಾರ್ದು ಅಂತ ಸಾಹುಕಾರ್ರ ಆರ್ಡರ್. ಇಂಬಳ ಹತ್ತಿದ್ದು ಗೊತ್ತಾಗ್ತಿತ್ತು, ಕದಲಲಿಲ್ಲ. ಆಗ—" ಅವನು ಗುಂಡಿಯತ್ತ ನೋಡಿದ. "ಪಕ್ಕದಲ್ಲೇ ಏನೋ ನರಳಿತು ಮೇಡಂ. ಮಣ್ಣೊಳಗಿಂದ ಬಂದಂಗಿತ್ತು. ಆಮೇಲೆ ಧೊಪ್ ಅಂತ. ಕಣ್ಣು ಮುಚ್ಚಿ ಕಲಿಮಾ ಓದ್ಕೊಂಡೆ."

"ನೀವೂ ಅಲ್ಲೇ ಸತ್ತಿದ್ರಲ್ಲ ಶಶಿಧರ್? ಕೇಳಿಸ್ತಾ?"

"ಏನೂ ಇಲ್ಲ. ಇವನ ಪಕ್ಕದಲ್ಲೇ ಹುಲ್ಲಲ್ಲಿ ಬಿದ್ದಿದ್ದೆ. ಕೊನೇಲಿ ಚಟ್ಟ ಏರಿದೆ. ನಾಲ್ಕು ಜನ ಹೊತ್ಕೊಂಡು ಹೋದ್ರು."

"ಚಟ್ಟಕ್ಕೆ ಏರಿಸಿದ್ದು ಯಾರು?"

"ಯಾರೂ ಅಲ್ಲ," ಚಟ್ಟ ಹೊರುವ ಮಲ್ಲೇಶ್ ಅಂದ. "ಸಾಹುಕಾರ್ರು ತಾವೇ ಹೊರಳಿ ಕಂಬಳಿ ಹೊದ್ಕೋತಾರೆ. ನಾವು ಬಿದಿರು ಮಾತ್ರ ಹಿಡೀಬೇಕು. ಕಂಬಳಿ ಮುಟ್ಟಂಗಿಲ್ಲ, ಅವ್ರ ಮೈ ಮುಟ್ಟಂಗಿಲ್ಲ. ಅವ್ರ ಕೋಣೇಲಿ ಇಟ್ಟು ಬಂದುಬಿಡಬೇಕು. ಆದ್ರೆ ಮೇಡಂ..." ಅವನು ಭುಜ ಮುಟ್ಟಿಕೊಂಡ. "ಇವತ್ತು ಹೆಣ ಭಾರ ಇತ್ತು. ಕಾಲು ಹೂತು ಹೋಗ್ತಿತ್ತು. ಏನೋ ಆಸೆ ಉಳಿದಿರೋ ಹೆಣದ ಹಾಗೆ. ಯಾರಿಗೂ ಮಾತೇ ಬರ್ಲಿಲ್ಲ."

ಮಂಜು ಇನ್ನಷ್ಟು ಹತ್ತಿರ ಬಂತು.

"ಚಟ್ಟ ತನ್ನಿ," ಎಂದಳು ರುದ್ರಾಣಿ. "ಶಶಿಧರ್, ಇನ್ನೊಂದ್ಸಲ ಸಾಯಿರಿ."

"ಇದೇನು ತಮಾಷೆನಾ?"

"ವಾರವಾರ ಸಾಯ್ತೀರಿ. ನನಗೋಸ್ಕರ ಒಂದ್ಸಲ."

ಎಲ್ಲರೂ ನೋಡುತ್ತಿದ್ದರು. ಅವನು ಮಲಗಿ ಕಂಬಳಿ ಎಳೆದುಕೊಂಡ. ನಾಲ್ವರೂ ಬಗ್ಗಿ, ಹಲ್ಲು ಕಚ್ಚಿ, ಎತ್ತಿದರು.

ಚಟ್ಟ ಹಾರಿದಂತೆ ಮೇಲೆದ್ದಿತು. ಮಲ್ಲೇಶ್ ತೂರಾಡಿದ.

"ಇವ್ರಲ್ಲ... ಮೇಡಂ, ಆಗ ಹೊತ್ತಿದ್ದು ಇವ್ರನ್ನಲ್ಲ. ಹಾಗಾದ್ರೆ ನಾವು ಯಾರನ್ನ ಹೊತ್ವಿ?"

ಒಂದು ಕತ್ತಿ ನೆಲಕ್ಕೆ ಬಿತ್ತು. ಸದ್ದಿಗೆ ಎಲ್ಲರೂ ಬೆಚ್ಚಿದರು.

"ತುಂಗಮ್ಮನ ಅಜ್ಜನ್ನ," ಎಂದಳು ರುದ್ರಾಣಿ. "ಕಲ್ಲಿನ ಬುಡ ನಿನ್ನೆಯೇ ಇದೇ ಹಾರೆಯಿಂದ ಸಡಿಲವಾಗಿತ್ತು. ಇವತ್ತು ಮಂಜು ಬೀಳೋದನ್ನ ಕಾದು, ಪಕ್ಕದಲ್ಲಿದ್ದ ಚಟ್ಟದ ಮೇಲೆ ಕೆಡವಿದ್ರೆ ಸಾಕಿತ್ತು. ನರಳಿದ್ದು ಮಣ್ಣಲ್ಲ ಖಲೀಲ್, ಕಲ್ಲು ನೂಕಿದ ಮನುಷ್ಯ. ಮೇಲೆ ಕಂಬಳಿ. ನೂಕಿದವನು ಮಂಜಲ್ಲಿ ನಡೆದೇ ಹೋದ. ಎಳೆದ ಗೀರು ಎಲ್ಲಿಂದ ಬರಬೇಕು? ನಿಮ್ಮೆಲ್ಲರ ಕಣ್ಣೆದುರೇ ಮೆರವಣಿಗೆಯಲ್ಲಿ ಹೋಯ್ತು."

ಶಶಿಧರ ಕಂಬಳಿ ಎಸೆದು ಚಟ್ಟದಿಂದ ಜಿಗಿದ. "ಕೂಲಿಗಳ ಭುಜದ ಮಾತು ಸಾಕ್ಷಿನಾ?"

"ಅದು ಬೇಡ. ಪಂಚೆ ಎತ್ತಿ, ಕಾಲು ತೋರಿಸಿ."

ಅವನು ಪಂಚೆಯ ಅಂಚನ್ನು ಇನ್ನಷ್ಟು ಕೆಳಗೆಳೆದ.

"ಈ ಬಯಲಲ್ಲಿ ಬಿದ್ದ ಪ್ರತಿಯೊಬ್ಬನ ಮೈಯಿಂದಲೂ ರಕ್ತ ಸೋರ್ತಿದೆ. ಸುಮ್ನೆ ನಿಂತಿದ್ದ ನನ್ನ ಕಾಲನ್ನೂ ಇಂಬಳ ಬಿಟ್ಟಿಲ್ಲ. ಖಲೀಲ್ ಕದಲದೆ ಬಿದ್ದಿದ್ದ ಅಂತ ಅವನ ಕೆನ್ನೆ ಹೇಳುತ್ತೆ. ಅವನ ಪಕ್ಕದಲ್ಲೇ ಬಿದ್ದಿದ್ದೆ ಅಂತೀರಿ, ನಿಮ್ಮ ಪಂಚೆ ಮೇಲೆ ಬಣ್ಣ ಬಿಟ್ರೆ ಬೇರೇನೂ ಇಲ್ಲ. ಇಂಬಳ ಜಾತಿ ನೋಡುತ್ತಾ?"

ಕತ್ತಿಗಳು ಒಂದೊಂದಾಗಿ ಖಲೀಲನ ಕಡೆಯಿಂದ ಸರಿದವು.

"ಮೈ ಮುಟ್ಟಬೇಡಿ ಅಂದ್ರಲ್ಲ," ರುದ್ರಾಣಿಯ ದನಿ ಈಗ ಏರಿತು, "ಅದೇ ನೀವು ಹಾಕಿದ ಬೀಗ. ಒಬ್ಬ ಮುಟ್ಟಿದ್ರೂ ಒಳಗಿರೋದು ಕಲ್ಲು ಅಂತ ಗೊತ್ತಾಗ್ತಿತ್ತು. ಮುಟ್ಟೋ ಹಾಗಿಲ್ಲದವರ ಹೆಗಲ ಮೇಲೇ ಅವರ ಅಜ್ಜನನ್ನ ಕದ್ರಿ. ತಪ್ಪು ಹೊರೋಕೆ ಖಲೀಲ್ ಇದ್ದೇ ಇದ್ದ. ಆಟದಲ್ಲಿ ಶತ್ರು, ಆಟ ಮುಗಿದ ಮೇಲೂ ಶತ್ರು!"

ಶಶಿಧರನ ಕೋಣೆಯಲ್ಲಿ, ವೇಷದ ಬಟ್ಟೆಗಳ ರಾಶಿಯಡಿಯಲ್ಲಿ, ಕಲ್ಲು ಮುಖಮೇಲಾಗಿ ಮಲಗಿತ್ತು. ಪಕ್ಕದಲ್ಲಿ ಉಳಿ, ಸುತ್ತಿಗೆ. ಹಲಗೆಯ ಒಂದು ಅಂಚು ಆಗಲೇ ಚಕ್ಕೆಯೆದ್ದಿತ್ತು.

"ಹಲಗೆ ಬಾರಿಸೋನ ಕಲ್ಲಿನ ಮುಂದೆ ದಳವಾಯಿ ಅಂತ ಹೇಗೆ ಕುಣೀಲಿ?" ಶಶಿಧರ ನೆಲ ನೋಡುತ್ತಾ ಅಂದ. "ಜನ ನಗ್ತಾರೆ."

ತುಂಗಮ್ಮ ಸೆರಗಿನಿಂದ ಕಲ್ಲಿನ ಧೂಳು ಒರೆಸಿದಳು. ಅದನ್ನು ಮತ್ತೆ ಚಟ್ಟದ ಮೇಲೆ ಇಟ್ಟರು. ಈ ಸಲ ಕಂಬಳಿ ಇರಲಿಲ್ಲ. ಮಂಜಿನೊಳಗೆ ಹಲಗೆ ಹಿಡಿದ ಆ ಪುಟ್ಟ ಮನುಷ್ಯ ನಾಲ್ವರ ಹೆಗಲ ಮೇಲೆ ತೇಲುತ್ತ ಹೋದ.

"ಭಾರನಾ ಮಲ್ಲೇಶ್?" ರುದ್ರಾಣಿ ಕೇಳಿದಳು.

"ಭಾರನೇ ಮೇಡಂ. ಆದ್ರೆ ಈಗ ಯಾರು ಅಂತ ಗೊತ್ತಲ್ಲ."

ಖಲೀಲ್ ಪಿಕಪ್‌ನ ಹಿಂಬಾಗಿಲು ಮುಚ್ಚುತ್ತಿದ್ದ. ಕೆನ್ನೆಯ ರಕ್ತ ಇನ್ನೂ ನಿಂತಿರಲಿಲ್ಲ. ಆಗಷ್ಟೇ ಅವನ ತಲೆಯ ಮೇಲೆ ಕತ್ತಿ ಎತ್ತಿದ್ದವನೊಬ್ಬ ಹತ್ತಿರ ಬಂದು, ಕಣ್ಣು ತಪ್ಪಿಸಿ ಕೇಳಿದ—

"ಮುಂದಿನ ವಾರ ಬರ್ತೀಯಲ್ಲ ಮಾರಾಯ?"

"ಬರ್ತೀನಿ," ಖಲೀಲ್ ಚಿಲಕ ಬಿಗಿದ. "ಆದ್ರೆ ಸಾಯೋದಿಲ್ಲ."