ಹಚಾ ಎಂಬ ಹೆಸರು

ಬಹಳ ಹಿಂದಿನ ಮಾತು. ಓಲೆಗಳು ಇನ್ನೂ ಮನುಷ್ಯರ ಕಾಲಮೇಲೆ ಊರಿಂದೂರಿಗೆ ಹೋಗುತ್ತಿದ್ದ ಕಾಲದಲ್ಲಿ ಏಳುಕೋಟೆ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಬೈಲಪ್ಪ ಎಂಬ ಓಲೆಕಾರನಿದ್ದ. ಹೆಗಲಿಗೆ ಓಲೆಯ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು, ಸೊಂಟದಲ್ಲಿ ರೊಟ್ಟಿಯ ಗಂಟು. ಅವನು ಮುಂದೆ ಓಡಿದರೆ ಅವನ ಹಿಂದೆ ಒಂದು ಕುಂಟು ನಾಯಿ ಓಡುತ್ತಿತ್ತು. ಅದರ ಹೆಸರು ಹಚಾ.

ನಗಬೇಡಿ. ನಾಯಿಯನ್ನು ಓಡಿಸುವ ಮಾತು ನಾಯಿಗೇ ಹೆಸರಾದದ್ದು ಹೇಗೆಂದು ಹೇಳುತ್ತೇನೆ. ಒಂದು ದಿನ ಬೈಲಪ್ಪ ಹಾಳುಬಿದ್ದ ಸುಂಕದಕಟ್ಟೆಯ ದಾರಿಯಲ್ಲಿ ಹೋಗುತ್ತಿದ್ದ. ಅಲ್ಲಿಯ ಹುಣಸೆಮರಕ್ಕೆ ಯಾರೋ ಒಂದು ಹೆಣ್ಣುನಾಯಿಯನ್ನು ಕಟ್ಟಿಹಾಕಿ ಹೋಗಿಬಿಟ್ಟಿದ್ದರು. ಹಗ್ಗ ಕತ್ತಿನ ಚರ್ಮದೊಳಕ್ಕೆ ಇಳಿದಿತ್ತು. ಒಂದು ಹಿಂಗಾಲು ಯಾವಾಗಲೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಬೈಲಪ್ಪ ಹಗ್ಗ ಕೊಯ್ದ, ನೀರು ಕುಡಿಸಿದ, ಅರ್ಧ ರೊಟ್ಟಿ ಕೊಟ್ಟ. ಅಲ್ಲಿಗೆ ತನ್ನ ಕೆಲಸ ಮುಗಿಯಿತೆಂದು ಹೊರಟರೆ ನಾಯಿ ಹಿಂದೆಯೇ ಬಂತು. "ಹಚಾ" ಎಂದ. ಅದು ಬಾಲ ಅಲ್ಲಾಡಿಸುತ್ತಾ ಇನ್ನೂ ಹತ್ತಿರ ಬಂತು. "ಹಚಾ, ಹಚಾ" ಎಂದು ಕೋಲೆತ್ತಿದ. ಅದು ಬಂದು ಅವನ ಪಾದದ ಮೇಲೆ ತಲೆಯಿಟ್ಟಿತು.

ಹುಟ್ಟಿದಂದಿನಿಂದ ಅದರ ಮುಖ ನೋಡಿ ಯಾರೂ ಬೇರೆ ಮಾತೇ ಆಡಿರಲಿಲ್ಲ. ಅದೇ ತನ್ನ ಹೆಸರೆಂದು ಅದು ನಂಬಿತ್ತು. ಬೈಲಪ್ಪನಿಗೆ ಕರುಳು ಚುರುಕ್ಕೆಂದಿತು. ಮನೆಗೆ ಕರೆತಂದು ಮಲ್ಲಿಗೆ ಎಂದು ಕರೆದ, ಚೆಲುವಿ ಎಂದು ಕರೆದ. ಅವಳು ಕಿವಿ ಕೂಡ ಅಲ್ಲಾಡಿಸಲಿಲ್ಲ. ಕೊನೆಗೆ ಅವನೇ ಸೋತ. ಜಗಲಿಯ ಮೇಲೆ ನಿಂತು "ಹಚಾ, ಬಾ ಮಗಳೇ" ಎಂದು ಅವನು ಮುದ್ದಾಗಿ ಕೂಗುವುದನ್ನು ಕೇಳಿ ಊರವರು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ಒಂಬತ್ತು ವರ್ಷ ಅವಳು ಅವನ ಹಿಂದೆ ಓಡಿದಳು. ಹತ್ತನೆಯ ವರ್ಷದ ಒಂದು ಬೆಳಿಗ್ಗೆ, ಗೆಜ್ಜೆಕೋಲಿನ ಸದ್ದಾದರೂ ಏಳಲಿಲ್ಲ. ಅವನ ಪಾದದ ಮೇಲೆ ತಲೆಯಿಟ್ಟು, ಬಾಲವನ್ನು ಒಮ್ಮೆ ನೆಲಕ್ಕೆ ಬಡಿದು, ಕಣ್ಣು ಮುಚ್ಚಿದಳು.

ಅಂದಿನಿಂದ ಬೈಲಪ್ಪ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ತಟ್ಟೆಯ ಮುಂದೆ ಕೂತವನು ತುತ್ತೆತ್ತದೆ ಎದ್ದುಬಿಡುವನು. ಮೂಡಲಕೇರಿಯ ಓಲೆಯನ್ನು ಪಡುವಲಕೇರಿಗೆ ಕೊಟ್ಟು ಬೈಸಿಕೊಂಡು ಬರುವನು. ಅವನ ಅಕ್ಕ ನೀಲವ್ವ ಒಂದು ತಿಂಗಳು ನೋಡಿದಳು, ಆಮೇಲೆ ತಡೆಯಲಾರದೆ ಹೇಳಿದಳು.

"ಅಲ್ಲ ಕಣೋ ತಮ್ಮಾ, ಹಿಂಗೆ ಅನ್ನ ನೀರು ಬಿಟ್ಟು ತಿರುಗ್ತಿದ್ರೆ ನೀನೂ ಅದರ ಹಿಂದೇನೇ ಹೋಗ್ತೀಯ. ಬೂದಿಗುಡ್ಡಕ್ಕೆ ಹೋಗ್ಬಾ. ಒಂದು ಚಿಟಿಕೆ ಹಾಕಿಸ್ಕೊಂಡ್ರೆ ಎಲ್ಲಾ ಹಗುರ ಆಯ್ತದೆ."

"ನೀನು ಹೋಗಿದ್ಯಾ ಅಕ್ಕಾ?"

"ಹೋಗಿದ್ದೆ ಅಂತಾರೆ. ಯಾಕೆ ಹೋಗಿದ್ದೆ ಅಂತ ಗ್ಯಾನ ಇಲ್ಲ. ಅದೇ ಅಲ್ವಾ ಅದರ ಸುಖ" ಎಂದು ನೀಲವ್ವ ನಡುಮನೆಯ ತೊಟ್ಟಿಲಿಗೆ ಕೈಹಾಕಿ ಎರಡು ಈರುಳ್ಳಿ ತೆಗೆದುಕೊಂಡು ಒಳಗೆ ಹೋದಳು. ಮಕ್ಕಳಿಲ್ಲದ ಮನೆಯಲ್ಲಿ ತೊಟ್ಟಿಲು ಏಕಿದೆಯೆಂದು ಅವಳಿಗೆ ತಿಳಿಯದು. ಬೈಲಪ್ಪನಿಗೆ ತಿಳಿದಿತ್ತು. ಆದರೆ ಬೂದಿ ಹಾಕಿಸಿಕೊಂಡವರಿಗೆ ಅವರು ಮರೆತದ್ದನ್ನು ಎಷ್ಟು ಹೇಳಿದರೂ ಅದು ಅವರ ಕಿವಿಗೆ ನೊಣದ ಗುಂಯ್ ಸದ್ದಾಗಿ ಕೇಳುತ್ತಿತ್ತು.

ಬೂದಿಗುಡ್ಡದ ಗವಿಯಲ್ಲಿ ಒಬ್ಬ ಮಾಂತ್ರಿಕನಿದ್ದ. ಮಂಕುಬೂದಿ ಎರಚಿದ ಎಂದು ನಾವು ಬಾಯಿಮಾತಿಗೆ ಹೇಳುತ್ತೇವಲ್ಲ, ಅವನು ನಿಜವಾಗಿಯೂ ಎರಚುತ್ತಿದ್ದ. ಯಾರಾದರೂ ಸತ್ತು ದುಃಖವಾದರೆ ಜನ ಅಲ್ಲಿಗೆ ಹೋಗುತ್ತಿದ್ದರು. ರಾಣಿ ತೀರಿಕೊಂಡಾಗ ರಾಜನೇ ಮೊದಲು ಹೋಗಿ ಬಂದಿದ್ದ. ಹಣೆಗೆ ಬೂದಿ ಬಿದ್ದೊಡನೆ ಸತ್ತವರ ನೆನಪು ಕಳಚಿ ನೆರಳಾಗಿ ಗವಿ ಸೇರುತ್ತಿತ್ತು. ಆ ನೆರಳುಗಳ ಬಿಸುಪನ್ನು ಹೀರಿಕೊಂಡೇ ಮಾಂತ್ರಿಕ ಮುನ್ನೂರು ವರ್ಷ ಬದುಕಿದ್ದ.

ಇದು ತಿಳಿದಿದ್ದರೂ ಬೈಲಪ್ಪ ಹೋದ. ಸಂಕಟ ಅಷ್ಟಿತ್ತು. ಒಂದು ಚಿಟಿಕೆ ಹಾಕಿಸಿಕೊಂಡು, ಯಾಕೆ ಬಂದಿದ್ದೆನೆಂಬುದನ್ನೇ ಮರೆತು, ಶಿಳ್ಳೆ ಹಾಕುತ್ತಾ ಗುಡ್ಡ ಇಳಿದ.

ಮಾರನೆಯ ದಿನ ಮರದಡಿ ಕೂತು ಗಂಟು ಬಿಚ್ಚಿ ರೊಟ್ಟಿ ಮುರಿದ. ಅರ್ಧ ಬಾಯಿಗೆ ಹೋಯಿತು. ಇನ್ನರ್ಧವನ್ನು ಹಿಡಿದ ಕೈ ತಾನೇ ತಾನಾಗಿ ಕೆಳಗೆ ಚಾಚಿ ನಿಂತಿತು. ಅಲ್ಲಿ ಯಾರೂ ಇರಲಿಲ್ಲ. ಎದ್ದು ಓಡಿದ. ಇಪ್ಪತ್ತು ಹೆಜ್ಜೆಗೊಮ್ಮೆ ಕಾಲು ನಿಲ್ಲುವುದು, ಕತ್ತು ಹಿಂದಕ್ಕೆ ತಿರುಗುವುದು. ಹಿಂದೆ ಬರೀ ದಾರಿ. ಮೊದಲು ಅವನ ಸಂಕಟಕ್ಕೆ ಒಂದು ಮುಖವಾದರೂ ಇತ್ತು, ಈಗ ಅದೂ ಇಲ್ಲ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಮೂರನೆಯ ದಿನ ಓಲೆಚೀಲವನ್ನು ಅಕ್ಕನ ಮುಂದಿಟ್ಟು ಗುಡ್ಡ ಹತ್ತಿದ.

"ಸ್ವಾಮಿ, ನಿಮ್ಮ ಹತ್ರ ನಾನೇನೋ ಬಿಟ್ಟು ಹೋಗಿದೀನಿ. ವಾಪಸ್ ಕೊಡಿ."

ಮಾಂತ್ರಿಕ ನಕ್ಕ. "ಎಲವೋ ಓಲೆಕಾರ, ಏನು ಬಿಟ್ಟು ಹೋದೆ ಹೇಳು, ಕೊಡುತ್ತೇನೆ."

"ಗೊತ್ತಿಲ್ಲ."

"ಹಾಗಾದರೆ ಮೂರು ಅಂಗಳ ದಾಟು. ನಿನ್ನದನ್ನು ಗುರುತು ಹಿಡಿದರೆ ಕರೆದುಕೊಂಡು ಹೋಗು. ತಪ್ಪಿದರೆ ನೀನೂ ನೆರಳಾಗಿ ಇಲ್ಲೇ ಬಿದ್ದಿರು."

ಬೈಲಪ್ಪ ಒಪ್ಪಿದ. ನೆರಳಾಗುವುದಕ್ಕೆ ಅವನಲ್ಲಿ ಉಳಿದದ್ದಾದರೂ ಏನು?

ಮೊದಲನೆಯ ಅಂಗಳದಲ್ಲಿ ರೆಕ್ಕೆಯಿದ್ದ ಬಿಳಿಯ ಕುದುರೆ ನಿಂತಿತ್ತು. "ನೀನು ಕಳೆದುಕೊಂಡದ್ದು ನನ್ನನ್ನೇ. ಹತ್ತು, ಮೋಡದ ಮೇಲೆ ಹೋಗೋಣ" ಎಂದಿತು. ನೋಡಲು ಎಷ್ಟು ಚೆಂದವೆಂದರೆ ಬೈಲಪ್ಪನ ಒಂದು ಕಾಲು ಆಗಲೇ ಮೇಲೆದ್ದಿತ್ತು. ಆದರೂ ರೊಟ್ಟಿ ಮುರಿದು ನೋಡಿದ. ಕೈ ಮೊಣಕಾಲಿನ ಎತ್ತರಕ್ಕೆ ಇಳಿದು ನಿಂತಿತು. ಕುದುರೆಯ ಬಾಯಿ ಎಲ್ಲೋ ಮೇಲಿತ್ತು.

"ನನ್ನ ಕೈಗೆ ನಿನ್ನ ಗುರುತಿಲ್ಲ" ಎಂದ. ಕುದುರೆ ಬೂದಿಯಾಗಿ ಉದುರಿತು.

ಎರಡನೆಯ ಅಂಗಳದಲ್ಲಿ ಮೊಣಕಾಲೆತ್ತರದ ಚಿನ್ನದ ಜಿಂಕೆಮರಿ. ರೊಟ್ಟಿಯನ್ನು ಅವನ ಕೈಯಿಂದಲೇ ತಿಂದಿತು. "ನಾನೇ ನಿನ್ನವಳು, ನಡಿ" ಎಂದು ಚಂಗನೆ ಮುಂದೋಡಿತು. ಬೈಲಪ್ಪ ಅದರ ಹಿಂದೆ ಓಡಿದ. ಇಪ್ಪತ್ತು ಹೆಜ್ಜೆಗೆ ಕಾಲು ನಿಂತಿತು, ಕತ್ತು ಹಿಂದಕ್ಕೆ ತಿರುಗಿತು. ತನ್ನದು ಮುಂದೆ ಓಡುವಂಥದ್ದಲ್ಲ, ಹಿಂದೆ ಉಳಿಯುವಂಥದ್ದು, ಕಾಯಿಸುವಂಥದ್ದು ಎಂದು ಅವನಿಗೆ ಹೊಳೆಯಿತು.

"ನನ್ನ ಕಾಲಿಗೆ ನಿನ್ನ ಗುರುತಿಲ್ಲ" ಎಂದ. ಜಿಂಕೆಯೂ ಬೂದಿಯಾಯಿತು.

ಮೂರನೆಯ ಅಂಗಳಕ್ಕೆ ಕಾಲಿಟ್ಟಾಗ ಮಟಮಟ ಮಧ್ಯಾಹ್ನ. ನಡುವೆ ದೊಡ್ಡ ಬೂದಿಗುಪ್ಪೆ, ಸುತ್ತಲೂ ನೂರೊಂದು ನಾಯಿಗಳು ಕೂತಿದ್ದವು. ಎಲ್ಲವೂ ಮೊಣಕಾಲೆತ್ತರ, ಎಲ್ಲದರ ಮೈ ಕಂದು, ಎಲ್ಲದರ ಹಿಂಗಾಲೂ ಸೊಟ್ಟ. ನಾಯಿ! ಬೈಲಪ್ಪನಿಗೆ ಅಷ್ಟು ಮಾತ್ರ ಗೊತ್ತಾಯಿತು.

"ಇವುಗಳಲ್ಲಿ ನೂರು ನಾನು ಬೂದಿಯಲ್ಲಿ ಮಾಡಿದವು, ಒಂದು ನಿನ್ನದು. ಹೆಸರು ಹಿಡಿದು ಕರೆ, ಬರುತ್ತದೆ. ಕೈಗೆ ಗೊತ್ತು, ಕಾಲಿಗೆ ಗೊತ್ತು ಅಂದೆಯಲ್ಲ, ಬಾಯಿಗೆ ಗೊತ್ತಿಲ್ಲವೇ?" ಎಂದು ಮಾಂತ್ರಿಕ ಗುಪ್ಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

ಬೈಲಪ್ಪ ಬಾಯಿ ತೆರೆದ. ನಾಲಿಗೆಯ ಮೇಲೆ ಏನೂ ಇರಲಿಲ್ಲ. ಒಂದು ಮುದ್ದಿನ ಹೆಸರು ಇದ್ದೇ ಇರಬೇಕು ಎಂದು ಹುಡುಕಿದ. ಮಲ್ಲಿಗೆಯೋ, ಚೆಲುವಿಯೋ? ಯಾವುದೂ ಗಂಟಲು ದಾಟಲಿಲ್ಲ. ಅಂಗಳದ ತುದಿಗೆ ಹೋದ, ತಿರುಗಿ ಬಂದ, ಮತ್ತೆ ಹೋದ. ಅವನ ಕಾಲು ಆಗಲೇ ಹಿಮ್ಮಡಿಯಿಂದ ನೆರಳಾಗುತ್ತಾ ಬಂದಿತ್ತು. ಇಷ್ಟು ಪ್ರೀತಿಯಿದ್ದ ಜೀವದ ಹೆಸರೂ ಗೊತ್ತಿಲ್ಲವಲ್ಲ ಎಂಬ ನಾಚಿಕೆಗೆ ಅವನ ಕಣ್ಣಲ್ಲಿ ನೀರು ತುಂಬಿತು. ಏನು ಮಾಡಲೂ ತೋಚದೆ ರೊಟ್ಟಿ ಮುರಿದು ಕೈ ಚಾಚಿದ.

ರೊಟ್ಟಿಯ ವಾಸನೆಗೆ ಒಂದು ನಾಯಿ ಮೂಗು ಮುಂದೆ ಮಾಡಿ ಎದ್ದಿತು. ಅದರ ಮುಂಗಾಲು ಬೂದಿಗುಪ್ಪೆಯ ಅಂಚನ್ನು ತುಳಿಯಿತು. ಮಾಂತ್ರಿಕನಿಗೆ ತನ್ನ ಬೂದಿಯೆಂದರೆ ಪ್ರಾಣ, ನಾಯಿಯೆಂದರೆ ಅಸಹ್ಯ. ಮೈಮರೆತು ಕೈ ಬೀಸಿದ.

"ಹಚಾ!"

ನೂರು ನಾಯಿಗಳು ಬಾಲ ಮುದುರಿ ಹಿಂದೆ ಸರಿದವು. ಆ ಒಂದು ನಾಯಿ ಮಾತ್ರ ಬಾಲ ಅಲ್ಲಾಡಿಸಿತು.

ಬೈಲಪ್ಪನ ಎದೆಯಲ್ಲಿ ಏನೋ ಒಡೆಯಿತು. ಹುಣಸೆಮರ, ಹಗ್ಗ, ಪಾದದ ಮೇಲಿನ ಭಾರ, ಒಂಬತ್ತು ವರ್ಷದ ದಾರಿ, ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು. ಅವನು ಅಳುತ್ತಲೂ ನಗುತ್ತಲೂ ಮಂಡಿಯೂರಿ ಕರೆದ. "ಹಚಾ, ಬಾ ಮಗಳೇ."

ಅವಳು ಬಂದಳು. ಸುತ್ತಿ ಬರಲಿಲ್ಲ, ಬೂದಿಗುಪ್ಪೆಯ ಮೇಲೆಯೇ ಕುಂಟುತ್ತಾ ಓಡಿಬಂದಳು. ಅವಳ ಬಾಲದ ಬೀಸಿಗೆ ಬೂದಿಯೆಲ್ಲ ಎದ್ದು ಮಾಂತ್ರಿಕನ ಮುಖಕ್ಕೇ ಬಡಿಯಿತು. ಅವನು ಕಣ್ಣು ಪಿಳಿಪಿಳಿ ಬಿಟ್ಟು, "ಏನಪ್ಪಾ, ನಾನು ಯಾರು? ಇದು ಯಾರ ಮನೆ?" ಎಂದು ಕೇಳಿದ. ಮಂತ್ರ ಮರೆತಿತ್ತು, ಮುನ್ನೂರು ವರ್ಷವೂ ಮರೆತಿತ್ತು. ಗವಿಯ ಬಾಗಿಲುಗಳು ತಾವಾಗಿ ತೆರೆದವು. ನೆರಳುಗಳೆಲ್ಲ ಗುಂಪುಗುಂಪಾಗಿ ಗುಡ್ಡ ಇಳಿದು ತಮ್ಮತಮ್ಮ ಮನೆಗಳತ್ತ ಹೊರಟವು.

ಹಚಾಗೆ ಜೀವ ಬಂತು ಎಂದು ಹೇಳಲು ನನಗೂ ಆಸೆಯಿದೆ. ಆದರೆ ಅವಳು ಸುಂಕದಕಟ್ಟೆಯ ಹುಣಸೆಮರದವರೆಗೆ ಮಾತ್ರ ಅವನ ಹಿಂದೆ ಬಂದಳು. ಇಪ್ಪತ್ತನೆಯ ಹೆಜ್ಜೆಗೆ ಅವನು ತಿರುಗಿ ನೋಡಿದಾಗ ದಾರಿ ಖಾಲಿಯಿತ್ತು. ಬೈಲಪ್ಪ ಮರದಡಿ ಕೂತು ಮನಸಾರೆ ಅತ್ತ. ಎಷ್ಟೋ ದಿನದ ಮೇಲೆ ಕೂತಲ್ಲಿಯೇ ಕೂತಿದ್ದ.

ಮನೆಗೆ ಬಂದರೆ ಈರುಳ್ಳಿಯೆಲ್ಲ ನೆಲದ ಮೇಲೆ ಬಿದ್ದಿತ್ತು. ನೀಲವ್ವ ಬರಿದಾದ ತೊಟ್ಟಿಲನ್ನು ತೂಗುತ್ತಾ ಕೂತಿದ್ದಳು. "ತಮ್ಮಾ, ನನ್ನ ಕೂಸಿಗೆ ಗಂಗೆ ಅಂತ ಹೆಸರಿಟ್ಟಿದ್ದೆ ಕಣೋ" ಎಂದಳು. "ಹೌದಕ್ಕಾ, ಗಂಗೆ" ಎಂದು ಅವನೂ ತೊಟ್ಟಿಲಿಗೆ ಕೈ ಕೊಟ್ಟ.

ರಾಜ ರಾಣಿಯನ್ನು ನೆನೆದು ಅತ್ತ, ಪ್ರಜೆಗಳೂ ಅತ್ತರು, ಅತ್ತು ಹಗುರಾದರು. ತನ್ನ ಹೆಸರನ್ನೇ ಮರೆತ ಮುದಿ ಮಾಂತ್ರಿಕನಿಗೆ ನೀಲವ್ವ ದಿನಾ ಗಂಜಿ ಹಾಕಿದಳು. ಏಳುಕೋಟೆಯಲ್ಲಿ ಎಲ್ಲರೂ ಸುಖವಾಗಿದ್ದರು. ಹೊರನಾಡಿನವರು ಮಾತ್ರ ಅಲ್ಲಿಗೆ ಹೋದರೆ ಇವತ್ತಿಗೂ ಪೇಚಿಗೆ ಸಿಕ್ಕುತ್ತಾರಂತೆ. ಬೀದಿನಾಯಿ ಕಂಡು "ಹಚಾ" ಎನ್ನುತ್ತಾರೆ. ಅದು ಬಾಲ ಅಲ್ಲಾಡಿಸುತ್ತಾ ಬಂದು ಅವರ ಪಾದದ ಮೇಲೆ ತಲೆಯಿಡುತ್ತದೆ. ಆಗ ಹತ್ತಿರದ ಮನೆಯವರು ಯಾರಾದರೂ ಅರ್ಧ ರೊಟ್ಟಿ ತಂದು ಅವರ ಕೈಗಿತ್ತು, "ಕರೆದವ್ರು ನೀವೇ ಅಲ್ವಾ, ನೀವೇ ಕೊಡಿ" ಎನ್ನುತ್ತಾರೆ.